403 − 127 = 226: ಒಂದು ತಪ್ಪು ಉತ್ತರದಿಂದ ಕ್ರಿಯಾ ಸಂಶೋಧನೆ ಮಾಡುವ ಬಗೆ

ನಾಲ್ಕನೇ ತರಗತಿಯ ಮಗುವೊಂದು 403ರಲ್ಲಿ 127 ಕಳೆದು 226 ಎಂದು ಬರೆದಿದೆ. ಬರಬೇಕಿದ್ದದ್ದು 276. ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿ ಪಕ್ಕದಲ್ಲಿ ಸರಿ ಉತ್ತರ ಬರೆಯಲು ಹತ್ತು ಸೆಕೆಂಡು ಸಾಕು. ಅದರ ಬದಲು ಎರಡು ನಿಮಿಷ ಕೂತು ಈ 226 ಎಲ್ಲಿಂದ ಬಂತು ಎಂದು ಹುಡುಕಿ ನೋಡಿ.

ಬಿಡಿ ಸ್ಥಾನದಲ್ಲಿ 3ರಲ್ಲಿ 7 ಹೋಗುವುದಿಲ್ಲ. ಪಕ್ಕದಲ್ಲಿ ಸೊನ್ನೆ ಇದೆ. ಮಗು ಸೊನ್ನೆಯನ್ನು ದಾಟಿ 4ರ ಹತ್ತಿರ ಹೋಗಿ, ಒಂದನ್ನು ತಂದು ನೇರವಾಗಿ 3ರ ಪಕ್ಕ ಇಟ್ಟಿತು. 13ರಲ್ಲಿ 7 ಹೋಗಿ 6 ಉಳಿಯಿತು. ಹತ್ತರ ಸ್ಥಾನದಲ್ಲಿ 0ಯಲ್ಲಿ 2 ಹೋಗುವುದಿಲ್ಲ, ಹಾಗಾಗಿ ತಿರುಗಿಸಿ 2 ಎಂದೇ ಬರೆಯಿತು. ನೂರರಲ್ಲಿ ಉಳಿದ 3ರಲ್ಲಿ 1 ಹೋಗಿ 2. ಒಟ್ಟು 226. ಇಲ್ಲಿ ಅಜಾಗರೂಕತೆ ಏನೂ ಇಲ್ಲ. ಮಗು ಒಂದು ನಿಯಮ ಹಿಡಿದು ನಡೆದಿದೆ, ಆ ನಿಯಮವನ್ನು ಕೊಟ್ಟದ್ದು ಬಹಳಷ್ಟು ಸಲ ನಾವೇ. ಕಪ್ಪುಹಲಗೆಯ ಮುಂದೆ ನಿಂತು ನಾವು ಹೇಳುವ ಮಾತು ಇದಲ್ಲವೇ: “ಪಕ್ಕದ ಮನೆಯಿಂದ ಸಾಲ ತಗೋ. ಅಲ್ಲಿ ಇಲ್ದಿದ್ರೆ ಅದರಾಚೆ ಮನೆಗೆ ಹೋಗು.” ಮಗು ಹೇಳಿದಂತೆಯೇ ಆಚೆ ಮನೆಗೆ ಹೋಗಿ ಬಂದಿದೆ.

ಆತ್ಮಾವಲೋಕನ ಎಂದು ತರಬೇತಿಗಳಲ್ಲಿ ಹೇಳುವ ದೊಡ್ಡ ಮಾತು ಕೈಗೆ ಸಿಗುವುದು ಇಂಥ ಜಾಗದಲ್ಲಿ. ಮಗುವಿಗೆ ಏನು ಬರುವುದಿಲ್ಲ ಎಂದು ಪಟ್ಟಿ ಮಾಡುವುದು ಒಂದು ಕೆಲಸ. ನಾನು ಹೇಳಿದ್ದು ಮಗುವಿನ ತಲೆಯಲ್ಲಿ ಏನಾಗಿ ಕೂತಿದೆ ಎಂದು ಹುಡುಕುವುದು ಬೇರೆಯೇ ಕೆಲಸ. ಶಿಕ್ಷಕರೇ ತಮ್ಮ ತರಗತಿಯ ಒಂದು ಸಮಸ್ಯೆಯನ್ನು ಪರಿಶೀಲಿಸಿ, ಕಲಿಸುವ ಬಗೆ ಬದಲಿಸಿ, ಏನಾಯಿತು ಎಂದು ನೋಡುವ ಕ್ರಿಯಾ ಸಂಶೋಧನೆಗೆ ಬೇಕಾದದ್ದು ಎರಡನೆಯದು. ಕ್ರಿಯಾ ಸಂಶೋಧನೆ ಎಂಬ ಹೆಸರನ್ನು 1946ರಲ್ಲಿ ಚಾಲ್ತಿಗೆ ತಂದವರು ಸಮಾಜ ಮನೋವಿಜ್ಞಾನಿ ಕರ್ಟ್ ಲೆವಿನ್. 1950ರ ದಶಕದ ಆರಂಭದಲ್ಲಿ ಶಿಕ್ಷಣತಜ್ಞ ಸ್ಟೀಫನ್ ಕೋರಿ ಅದನ್ನು ಅಮೆರಿಕದ ಶಾಲೆಗಳೊಳಗೆ ತಂದರು. ನಮ್ಮಲ್ಲಿ ಬಿ.ಇಡಿ. ಮತ್ತು ಡಿ.ಇಎಲ್.ಇಡಿ. ಓದಿದವರಿಗೆ ಅದು ಗೊತ್ತಿರುವುದು ಹೆಚ್ಚಾಗಿ ಒಂದು ವರದಿಯಾಗಿ, ಬೈಂಡ್ ಮಾಡಿಸಿ ಒಪ್ಪಿಸುವ ಪುಸ್ತಕವಾಗಿ. ವರದಿಯನ್ನು ಸದ್ಯಕ್ಕೆ ಬದಿಗಿಡಿ, ಅದು ಕೊನೆಗೆ ಬರುತ್ತದೆ.

ದಿನಕ್ಕೆ ಐದು ಸಾಲು

ಮೊದಲ ಒಂದು ವಾರ ಏನನ್ನೂ ಬದಲಿಸಬೇಡಿ, ಬರೆಯಿರಿ ಅಷ್ಟೆ. ಇಲಾಖೆಗೆ ತೋರಿಸುವ ಪಾಠ ಟಿಪ್ಪಣಿಯ ಪುಸ್ತಕ ಇದಕ್ಕೆ ಬೇಡ. ಬೇರೆಯವರು ಸಹಿ ಹಾಕುವ ಪುಸ್ತಕದಲ್ಲಿ ಯಾರೂ ಸೋಲನ್ನು ಬರೆಯುವುದಿಲ್ಲ. ನೂರು ಪುಟದ ಪ್ರತ್ಯೇಕ ನೋಟ್‌ಬುಕ್ ಇಟ್ಟುಕೊಳ್ಳಿ. ದಿನಕ್ಕೆ ಒಂದೇ ಅವಧಿ ಆರಿಸಿ, ಅದು ಮುಗಿದ ದಿನವೇ ಐದು ಸಾಲು ಬರೆಯಿರಿ: ಏನು ಹೇಳಿಕೊಟ್ಟೆ, ಮಕ್ಕಳು ಎಲ್ಲಿ ನಿಂತರು, ಒಂದು ಮಗು ಆಡಿದ ಮಾತು ಇದ್ದ ಹಾಗೆ, ನಾನು ಅಂದುಕೊಳ್ಳದೆ ಇದ್ದದ್ದು ಏನಾಯಿತು, ನಾಳೆ ಏನು ನೋಡಬೇಕು.

“ಪಾಠ ಚೆನ್ನಾಗಿ ಆಯಿತು, ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು” ಎಂಬ ಸಾಲಿನಿಂದ ಒಂದು ತಿಂಗಳ ನಂತರ ಏನೂ ಸಿಗುವುದಿಲ್ಲ. “ಹಲಗೆಗೆ ಕರೆದ 6 ಮಕ್ಕಳಲ್ಲಿ 5 ಮಂದಿ ಮುಂದಿನ ಎರಡು ಸಾಲಿನವರು. 605 − 248 ಕೊಟ್ಟಾಗ ಹಿಂದಿನ ಬೆಂಚಿನ ಮೂವರು ಪಕ್ಕದವರ ಸ್ಲೇಟು ನೋಡಿದರು” ಎಂದು ಬರೆದರೆ ಅದರಲ್ಲಿ ಕೆಲಸಕ್ಕೆ ಬರುವ ಮಾಹಿತಿ ಇದೆ. ಕಂಡದ್ದನ್ನು ಬರೆಯಿರಿ, ತೀರ್ಪನ್ನು ಆಮೇಲೆ ಕೊಡಬಹುದು. ಮನೆಗೆ ಹೋಗಿ ರಾತ್ರಿ ಬರೆಯುತ್ತೇನೆ ಎಂದುಕೊಂಡರೆ ಮಗುವಿನ ಮಾತು ಮರೆತು ನಮ್ಮ ಮಾತು ಉಳಿದಿರುತ್ತದೆ. ಹಾಜರಾತಿ ಪುಸ್ತಕ ಮುಚ್ಚುವ ಮುಂಚೆ, ಬಿಸಿಯೂಟದ ಗಂಟೆಗೆ ಮುಂಚೆ, ಎಲ್ಲಿ ಸಾಧ್ಯವೋ ಅಲ್ಲಿ ಮುಗಿಸಿ.

ವಾರದ ಕೊನೆಗೆ ಎಲ್ಲವನ್ನೂ ಒಟ್ಟಿಗೆ ಓದಿ, ಎರಡಕ್ಕಿಂತ ಹೆಚ್ಚು ಸಲ ಬಂದದ್ದರ ಕೆಳಗೆ ಗೆರೆ ಎಳೆಯಿರಿ. ನಿಮ್ಮ ಪ್ರಶ್ನೆ ಅಲ್ಲೇ ಇರುತ್ತದೆ.

ಪ್ರಶ್ನೆಯನ್ನು ಚಿಕ್ಕದು ಮಾಡುವುದು

“ಗ್ರಾಮೀಣ ಮಕ್ಕಳಲ್ಲಿ ಗಣಿತದ ಆಸಕ್ತಿ ಕಡಿಮೆ ಇರಲು ಕಾರಣಗಳು” ಎನ್ನುವುದು ಕ್ರಿಯಾ ಸಂಶೋಧನೆಯ ಪ್ರಶ್ನೆ ಆಗಲಾರದು. ಉತ್ತರ ಸಿಕ್ಕರೂ ನಾಳೆ ಬೆಳಗ್ಗೆ ನೀವು ಮಾಡುವುದು ಬದಲಾಗುವುದಿಲ್ಲ. ಪೋಷಕರ ಬಡತನ, ಗೈರುಹಾಜರಿ, ಮನೆಯ ವಾತಾವರಣ ಇವೆಲ್ಲ ನಿಜ, ಆದರೆ ನಲವತ್ತು ನಿಮಿಷದ ಅವಧಿಯಲ್ಲಿ ನಮ್ಮ ಕೈಯಲ್ಲಿರುವ ಸಂಗತಿಗಳಲ್ಲ. ಪ್ರಶ್ನೆಯಲ್ಲಿ ಮೂರು ಇರಬೇಕು: ಯಾವ ಮಕ್ಕಳು, ಯಾವ ಒಂದು ಕಲಿಕಾಂಶ, ನಾನು ಬದಲಿಸುವ ಒಂದೇ ಒಂದು ಕೆಲಸ. ನಮ್ಮ ಉದಾಹರಣೆಯಲ್ಲಿ ಅದು ಹೀಗಾಗುತ್ತದೆ: “ನಾಲ್ಕನೇ ತರಗತಿಯಲ್ಲಿ ‘ಪಕ್ಕದ ಮನೆಯ ಸಾಲ’ ಎಂಬ ಮಾತು ಬಿಟ್ಟು, ನೋಟು ಮುರಿಸಿ ಚಿಲ್ಲರೆ ಮಾಡುವ ಚಟುವಟಿಕೆಯಿಂದ ಕಲಿಸಿದರೆ, ನಡುವೆ ಸೊನ್ನೆ ಬರುವ ಕಳೆಯುವ ಲೆಕ್ಕದ ತಪ್ಪುಗಳು ಹೇಗೆ ಬದಲಾಗುತ್ತವೆ?”

“ಕಡಿಮೆಯಾಗುತ್ತವೆಯೇ” ಎಂದು ಕೇಳದೆ “ಹೇಗೆ ಬದಲಾಗುತ್ತವೆ” ಎಂದು ಕೇಳಿದ್ದೇವೆ. ಹೌದು–ಅಲ್ಲ ಎಂದು ಉತ್ತರಿಸುವ ಪ್ರಶ್ನೆ ಇಟ್ಟುಕೊಂಡರೆ ಮನಸ್ಸು ಹೌದು ಎನ್ನುವ ಕಡೆಗೇ ವಾಲುತ್ತದೆ.

ಮೊದಲು ತಪ್ಪುಗಳ ನಕ್ಷೆ

ಬದಲಾವಣೆಗೆ ಮುಂಚೆ ಮಕ್ಕಳು ಎಲ್ಲಿದ್ದಾರೆ ಎಂದು ತಿಳಿಯಲು ಎಂಟು ಲೆಕ್ಕಗಳ ಒಂದು ಹಾಳೆ ಸಾಕು. ನಾಲ್ಕು ಬಗೆ, ಬಗೆಗೆ ಎರಡು. ದಶಕ ತೆಗೆಯದೆ, ಅಂದರೆ ಪಕ್ಕದ ಸ್ಥಾನದಿಂದ ಏನನ್ನೂ ತಾರದೆ, ಮಾಡುವವು: 78 − 35, 596 − 243. ಒಂದು ಸಲ ತೆಗೆಯುವವು: 52 − 38, 374 − 126. ಎರಡು ಸಲ: 521 − 267, 732 − 458. ನಡುವೆ ಸೊನ್ನೆ: 403 − 127, 605 − 248. ಪ್ರತಿ ಬಗೆಗೂ ಎರಡು ಏಕೆಂದರೆ, ಒಂದು ಲೆಕ್ಕದ ತಪ್ಪು ಕೈತಪ್ಪಿ ಆದದ್ದಿರಬಹುದು. ಅದೇ ತಪ್ಪು ಎರಡರಲ್ಲೂ ಬಂದರೆ ಅದರ ಹಿಂದೆ ನಿಯಮ ಇದೆ. ಸಮಯದ ಒತ್ತಡ ಹಾಕಬೇಡಿ. ಅಳಿಸುವ ರಬ್ಬರನ್ನು ಆ ದಿನದ ಮಟ್ಟಿಗೆ ಎತ್ತಿಡಿ, ತಪ್ಪಾದರೆ ಗೀಟು ಹೊಡೆದು ಪಕ್ಕದಲ್ಲಿ ಬರೆಯಲಿ. ಅಳಿಸಿದ ಜಾಗದಲ್ಲಿದ್ದದ್ದೇ ನಮಗೆ ಬೇಕಾದದ್ದು.

403 − 127ಕ್ಕೆ ಬರುವ ಉತ್ತರಗಳನ್ನು ಓದುವ ಬಗೆ ನೋಡಿ. 324 ಬಂದಿದ್ದರೆ ಮಗು ಪ್ರತಿ ಸ್ಥಾನದಲ್ಲೂ ಮೇಲೆ ಕೆಳಗೆ ನೋಡದೆ ದೊಡ್ಡದರಲ್ಲಿ ಚಿಕ್ಕದನ್ನು ಕಳೆದಿದೆ. 226 ಬಂದಿದ್ದರೆ ಸೊನ್ನೆಯನ್ನು ಹಾರಿದೆ. 286 ಬಂದಿದ್ದರೆ ಸೊನ್ನೆಯನ್ನು 10 ಮಾಡಿಕೊಂಡಿದೆ, ಅದರಿಂದ ಒಂದನ್ನು ಬಿಡಿಗೆ ಕೊಟ್ಟಿದೆ, ಆದರೆ 10 ಈಗ 9 ಆಯಿತು ಎಂಬುದನ್ನು ಬಿಟ್ಟಿದೆ. ಮೂರೂ ತಪ್ಪೇ. ಆದರೂ 286 ಬರೆದ ಮಗು ಸರಿ ಉತ್ತರಕ್ಕೆ ಒಂದೇ ಹೆಜ್ಜೆ ದೂರದಲ್ಲಿದೆ, 324 ಬರೆದ ಮಗುವಿಗೆ ಸ್ಥಾನಬೆಲೆಯಿಂದಲೇ ಶುರು ಮಾಡಬೇಕು. ಇಬ್ಬರಿಗೂ ಸೊನ್ನೆ ಅಂಕ ಕೊಟ್ಟು ಮುಂದೆ ಹೋದರೆ ಈ ಅಂತರ ಕಾಣೆಯಾಗುತ್ತದೆ. ಮಕ್ಕಳ ಕಳೆಯುವ ತಪ್ಪುಗಳು ಹೀಗೆ ನಿಯಮಬದ್ಧವಾಗಿರುತ್ತವೆ ಎಂದು 1978ರಲ್ಲೇ ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಕಂಪ್ಯೂಟರ್ ಮಾದರಿಗಳ ಮೂಲಕ ತೋರಿಸಿದ್ದರು. ಅದನ್ನು ನಮ್ಮ ತರಗತಿಯಲ್ಲಿ ಕಾಣಲು ಪೆನ್ಸಿಲ್ ಸಾಕು.

ಲೆಕ್ಕ ಆರಿಸುವಾಗ ಒಂದು ಎಚ್ಚರ. 403 − 127ರ ಬದಲು 503 − 156 ಕೊಟ್ಟಿದ್ದರೆ? ಸೊನ್ನೆಯನ್ನು ಹಾರಿದ ಮಗು ಹತ್ತರ ಸ್ಥಾನದಲ್ಲಿ 5 ಎಂದು ತಿರುಗಿಸಿ 357 ಬರೆಯುತ್ತದೆ. 10ನ್ನು 9 ಮಾಡದ ಮಗು 10ರಲ್ಲಿ 5 ಕಳೆದು ಅದೇ 357 ಬರೆಯುತ್ತದೆ. ಎರಡು ಬೇರೆ ತಪ್ಪು, ಒಂದೇ ಉತ್ತರ. ಆದ್ದರಿಂದ ಕಳೆಯುವ ಸಂಖ್ಯೆಯ ಹತ್ತರ ಸ್ಥಾನದಲ್ಲಿ 5 ಇರದಂತೆ ನೋಡಿಕೊಳ್ಳಿ. ಪ್ರಶ್ನೆ ಹಾಳೆ ಅಚ್ಚು ಮಾಡಿಸುವ ಮುಂಚೆ ನಿಮಗೆ ಗೊತ್ತಿರುವ ಪ್ರತಿ ತಪ್ಪು ನಿಯಮದಿಂದಲೂ ನೀವೇ ಲೆಕ್ಕ ಮಾಡಿ, ಉತ್ತರಗಳು ಬೇರೆ ಬೇರೆ ಬರುತ್ತವೆಯೇ ಎಂದು ಪರೀಕ್ಷಿಸಿ.

ಹಾಳೆಗಳು ಬಂದ ಮೇಲೆ ಅಂಕ ಹಾಕದೆ ಗುಂಪು ಮಾಡಿ. ನೆಲದ ಮೇಲೆ ಹರವಿಕೊಂಡು ಒಂದೇ ಬಗೆಯ ತಪ್ಪನ್ನು ಒಂದೇ ಕಟ್ಟಿಗೆ ಇಡಿ. ಯಾವ ಕಟ್ಟಿಗೂ ಸೇರದವು ಒಂದಷ್ಟು ಉಳಿಯುತ್ತವೆ, ಅವನ್ನು ಬಲವಂತವಾಗಿ ಸೇರಿಸಬೇಡಿ.

ಮಗುವನ್ನು ಕೇಳುವುದು

ಪ್ರತಿ ಕಟ್ಟಿನಿಂದ ಒಂದಿಬ್ಬರಂತೆ ಐದಾರು ಮಕ್ಕಳ ಜೊತೆ ಐದೈದು ನಿಮಿಷ ಕೂತು ಮಾತಾಡಿ. ಎಲ್ಲರೆದುರು ಬೇಡ, ಸಿಬ್ಬಂದಿ ಕೊಠಡಿಗೂ ಕರೆಸಬೇಡಿ. ಅಲ್ಲಿಗೆ ಕರೆದರೆ ಬೈಸಿಕೊಳ್ಳಲಿಕ್ಕೇ ಎಂದು ಮಗು ತಿಳಿಯುತ್ತದೆ. ಜಗಲಿಯೋ ಮರದ ಕಟ್ಟೆಯೋ ಆದೀತು. ತಪ್ಪಾದ ಲೆಕ್ಕದ ಜೊತೆ ಸರಿಯಾದ ಒಂದು ಲೆಕ್ಕವನ್ನೂ ಇಟ್ಟು ಕೇಳಿ, ಆಗ ಕೇಳಿದ್ದೆಲ್ಲ ತಪ್ಪು ಎಂದು ಮಗುವಿಗೆ ಅನಿಸುವುದಿಲ್ಲ.

“ಇದನ್ನ ಹೇಗ್ ಮಾಡ್ದೆ, ನನಗೊಂದ್ಸಲ ತೋರ್ಸು ಪುಟ್ಟಾ.”
“ಮೂರರಲ್ಲಿ ಏಳು ಹೋಗಲ್ಲ ಮಿಸ್. ಪಕ್ಕದ್ಮನೇಲಿ ಸೊನ್ನೆ. ಅದಕ್ಕೆ ಆ ಕಡೆ ಮನೆಯಿಂದ ಒಂದು ತಂದೆ.”
“ಆ ಮನೆಯಿಂದ ತಂದದ್ದು ಎಷ್ಟು?”
“ಒಂದು ಮಿಸ್.”

ಇಂಥ ಉತ್ತರ ಬಂದಾಗ “ಒಂದಲ್ಲ ಕಣೋ, ನೂರು” ಎಂದು ತಿದ್ದಲು ನಾಲಿಗೆ ತುದಿಗೆ ಬರುತ್ತದೆ. ತಡೆದುಕೊಳ್ಳಿ, ಈ ಐದು ನಿಮಿಷ ಕಲಿಸುವ ಹೊತ್ತಲ್ಲ. “ಯಾಕೆ ಹೀಗೆ ಮಾಡ್ದೆ” ಎಂಬ ಪ್ರಶ್ನೆಯೂ ಬೇಡ. “ಯಾಕೆ” ಎಂದರೆ ಗದರಿಕೆಯಂತೆ ಕೇಳಿಸಿ ಮಗು ಸುಮ್ಮನಾಗುತ್ತದೆ. “ಹೇಗೆ” ಎಂದರೆ ತೋರಿಸುತ್ತದೆ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದುಕೊಳ್ಳಿ, ಧಾರವಾಡದ ಮಗುವಿನ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಬೇಡಿ. ಮೇಲಿನ ಮಾತುಕತೆಯಲ್ಲಿ “ಒಂದು” ಎಂಬ ಪದದಲ್ಲೇ ಇಡೀ ಸಮಸ್ಯೆ ಇದೆ. ನೂರರ ಮನೆಯಿಂದ ತಂದದ್ದನ್ನು ಮಗು ಒಂದು ಎಂದು ಎಣಿಸಿದೆ.

ಒಂದೇ ಬದಲಾವಣೆ, ಮೂರು ವಾರ

ಕಾರಣ ನಮ್ಮ ಮಾತಿನಲ್ಲಿದ್ದರೆ ಬದಲಾವಣೆಯೂ ಅಲ್ಲೇ ಆಗಬೇಕು. ಸಾಲದ ಮಾತು ಬಿಟ್ಟು ಮಕ್ಕಳಿಗೆ ಅಂಗಡಿಯಲ್ಲಿ ಚೆನ್ನಾಗಿ ಗೊತ್ತಿರುವ ಕೆಲಸಕ್ಕೆ ಬನ್ನಿ: ನೋಟು ಮುರಿಸುವುದು. ನಾಲ್ಕು ಮಕ್ಕಳ ಗುಂಪಿಗೆ ರಟ್ಟಿನಲ್ಲಿ ಕತ್ತರಿಸಿದ 9 ನೂರರ ನೋಟು, 20 ಹತ್ತರ ನೋಟು, 20 ಒಂದರ ನಾಣ್ಯ ಬೇಕು, ಅಂದರೆ 49 ಚೀಟಿ. 28 ಮಕ್ಕಳ ತರಗತಿಗೆ ಏಳು ಗುಂಪು, 343 ಚೀಟಿ. ಹಳೆಯ ಮದುವೆ ಕರೆಯೋಲೆಗಳ ರಟ್ಟು ಇದಕ್ಕೆ ಚೆನ್ನಾಗಿ ಬರುತ್ತದೆ. ಮೂರು ಬೆಲೆಗೆ ಮೂರು ಬಣ್ಣ ಬಳಿಯಿರಿ, ಆದರೆ ಗಾತ್ರ ಒಂದೇ ಇರಲಿ; ಇಲ್ಲದಿದ್ದರೆ ಮಕ್ಕಳು ಬೆಲೆ ನೋಡದೆ ಗಾತ್ರ ನೋಡಿ ಎತ್ತಿಕೊಳ್ಳುತ್ತಾರೆ.

ಗುಂಪಿನಲ್ಲಿ ಒಂದು ಮಗು ಬ್ಯಾಂಕು. ಇನ್ನೊಂದರ ಕೈಯಲ್ಲಿ 403: ನಾಲ್ಕು ನೂರರ ನೋಟು, ಮೂರು ಒಂದರ ನಾಣ್ಯ. 127 ಕೊಡಬೇಕು. ಏಳು ಒಂದು ಇಲ್ಲ, ಹತ್ತರ ನೋಟೂ ಇಲ್ಲ. ಆಗ ಒಂದು ನೂರನ್ನು ಬ್ಯಾಂಕಿಗೆ ಕೊಟ್ಟು ಹತ್ತರ ಹತ್ತು ನೋಟು ತರಬೇಕು. ಅದರಲ್ಲಿ ಒಂದನ್ನು ಮತ್ತೆ ಮುರಿಸಿ ಹತ್ತು ಒಂದು ತರಬೇಕು. ಈಗ ಕೈಯಲ್ಲಿ 3 ನೂರು, 9 ಹತ್ತು, 13 ಒಂದು. ಹಣ ಮೊದಲಿದ್ದಷ್ಟೇ ಇದೆಯೇ ಎಂದು ಕಳೆಯುವ ಮುಂಚೆಯೇ ಎಣಿಸಿಸಿ. 324 ಬರೆಯುವ ಮಕ್ಕಳಿಗೆ ಈ ಎಣಿಕೆಯೇ ಮುಖ್ಯ ಪಾಠ. ಆಮೇಲೆ 127 ಕೊಟ್ಟರೆ ಉಳಿಯುವುದು 276.

ವಾರಕ್ಕೆ ನಾಲ್ಕು ಅವಧಿ, ಅವಧಿಯಲ್ಲಿ ಇಪ್ಪತ್ತು ನಿಮಿಷ ಇದಕ್ಕೆ ಇಟ್ಟರೆ ಮೂರು ವಾರದಲ್ಲಿ ಹನ್ನೆರಡು ಸಲ ಆಗುತ್ತದೆ. ಇದೇ ವಾರಗಳಲ್ಲಿ ಮಗ್ಗಿ ಸ್ಪರ್ಧೆ, ಸಂಜೆಯ ವಿಶೇಷ ತರಗತಿ, ಹೊಸ ಅಭ್ಯಾಸ ಪುಸ್ತಕ ಎಲ್ಲವನ್ನೂ ಸೇರಿಸಿದರೆ ಕೊನೆಗೆ ಯಾವುದರಿಂದ ಏನಾಯಿತು ಎಂದು ಹೇಳಲು ಬರುವುದಿಲ್ಲ. ಕಲಿಸುವ ಹುಮ್ಮಸ್ಸಿನಲ್ಲಿ ಎಲ್ಲರೂ ಎಡವುವ ಜಾಗ ಇದು. ಜೊತೆಗೆ ಅರ್ಧ ತರಗತಿಗೆ ಹೊಸ ವಿಧಾನ, ಅರ್ಧಕ್ಕೆ ಹಳೆಯದು ಎಂದು ಮಕ್ಕಳನ್ನು ಒಡೆಯಬೇಡಿ. ಒಳ್ಳೆಯದೆಂದು ನಂಬಿದ್ದನ್ನು ಕೆಲವು ಮಕ್ಕಳಿಂದ ತಡೆಹಿಡಿಯುವುದು ಸರಿಯಲ್ಲ, ಅಷ್ಟು ಚಿಕ್ಕ ಗುಂಪುಗಳ ಹೋಲಿಕೆಯಿಂದ ಖಚಿತವಾಗಿ ತಿಳಿಯುವುದೂ ಕಡಿಮೆ.

ಯಾವಾಗ ಶುರು ಮಾಡುವುದು? ಜೂನ್‌ನ ಸೇತುಬಂಧ (ಹಿಂದಿನ ತರಗತಿಯ ಕಲಿಕೆಯನ್ನು ಮತ್ತೆ ನೋಡುವ ವರ್ಷಾರಂಭದ ಪಾಠಗಳು) ಮುಗಿದು, ಜುಲೈ ಕೊನೆಗೆ ಆರಂಭಿಸಿದರೆ ದಸರಾ ರಜೆಗೆ ಮುಂಚೆ ಒಂದು ಸುತ್ತು ಮುಗಿಯುತ್ತದೆ. ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿಯ ಮೂರು ವರ್ಷ ಮುಗಿಸಿ ನಾಲ್ಕನೇ ತರಗತಿಗೆ ಬಂದ ಮಕ್ಕಳಿಗೆ ಗುಂಪಿನಲ್ಲಿ ಸಾಮಗ್ರಿ ಹಿಡಿದು ಕೂರುವುದು ರೂಢಿ ಇರುತ್ತದೆ, ಅದನ್ನು ಬಳಸಿಕೊಳ್ಳಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾದದ್ದೂ ಶಿಕ್ಷಕರು ಆಂಧ್ರದ ಋಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ತಾವೇ ಕೂತು ಕಾರ್ಡುಗಳನ್ನು ಮಾಡಿದ್ದರಿಂದ.

ನಡುವೆ ಏನು ದಾಖಲಿಸಬೇಕು

ಹಾಜರಿ, ಮೊದಲನೆಯದಾಗಿ. ಹನ್ನೆರಡರಲ್ಲಿ ಐದು ಸಲ ಮಾತ್ರ ಬಂದ ಮಗುವಿನ ಫಲಿತಾಂಶವನ್ನು ಹನ್ನೊಂದು ಸಲ ಬಂದ ಮಗುವಿನ ಜೊತೆ ಸೇರಿಸಿ ಸರಾಸರಿ ತೆಗೆದರೆ ಏನೂ ತಿಳಿಯುವುದಿಲ್ಲ.

ಎರಡನೆಯದು ನಮ್ಮ ಮಾತು. ವಾರಕ್ಕೊಮ್ಮೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಮೇಜಿನ ಮೇಲಿಟ್ಟು ಹದಿನೈದು ನಿಮಿಷ ಧ್ವನಿ ಮುದ್ರಿಸಿ. ಪೂರ್ತಿ ಕೇಳಲು ಹೋದರೆ ಎರಡನೇ ವಾರಕ್ಕೇ ಬಿಟ್ಟುಬಿಡುತ್ತೀರಿ, ಐದು ನಿಮಿಷ ಕೇಳಿ. ಹಳೆಯ “ಸಾಲ ತಗೋ” ಎಷ್ಟು ಸಲ ಬಾಯಿಂದ ಬಂತು ಎಂದು ಗೀಟು ಹಾಕಿ ಎಣಿಸಿ. ಬಂದೇ ಬರುತ್ತದೆ, ವರ್ಷಗಳ ರೂಢಿ. ಪ್ರಶ್ನೆ ಕೇಳಿದ ಮೇಲೆ ಎಷ್ಟು ಸೆಕೆಂಡು ಕಾದಿರಿ ಎಂದೂ ಎಣಿಸಿ. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಉತ್ತರಿಸದೆ ಉಳಿಯುವ ಮಕ್ಕಳು ಕಡಿಮೆಯಾಗುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋವ್ ಬಹಳ ಹಿಂದೆಯೇ ತೋರಿಸಿದ್ದಾರೆ. ಮನಸ್ಸಿನಲ್ಲಿ “ಒಂದು ಸಾವಿರ, ಎರಡು ಸಾವಿರ, ಮೂರು ಸಾವಿರ” ಎಂದುಕೊಂಡರೆ ಮೂರು ಸೆಕೆಂಡು ಆಗುತ್ತದೆ.

ಮೂರನೆಯದು ಇನ್ನೊಬ್ಬರ ಕಣ್ಣು. ಸಹೋದ್ಯೋಗಿಯನ್ನೋ ಸುತ್ತಲಿನ ಶಾಲೆಗಳ ಗುಂಪಿನ (ಕ್ಲಸ್ಟರ್) ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿಯವರನ್ನೋ ಇಪ್ಪತ್ತು ನಿಮಿಷ ಕೂರಲು ಕೇಳಿಕೊಳ್ಳಿ. “ನನ್ನ ಪಾಠ ಹೇಗಿತ್ತು ಹೇಳಿ ಮೇಡಂ” ಎಂದರೆ “ತುಂಬಾ ಚೆನ್ನಾಗಿತ್ತು ಸರ್” ಎಂಬ ಮರ್ಯಾದೆಯ ಉತ್ತರ ಬರುತ್ತದೆ. ಕೂತ ಜಾಗಗಳ ನಕ್ಷೆ ಬರೆದ ಹಾಳೆಯೊಂದನ್ನು ಕೈಗೆ ಕೊಟ್ಟು, “ಚೀಟಿಯನ್ನು ಕೈಯಲ್ಲಿ ಹಿಡಿದ ಮಗುವಿನ ಮೇಲೆಲ್ಲ ಒಂದು ಗೀಟು ಹಾಕಿ, ಅಷ್ಟು ಸಾಕು” ಎನ್ನಿ. ಗುಂಪಿನಲ್ಲಿ ಚುರುಕಾದ ಒಂದೇ ಮಗು ಎಲ್ಲ ಚೀಟಿ ಹಿಡಿದು, ಉಳಿದ ಮೂವರು ನೋಡುತ್ತಾ ಕೂತಿರುವುದು ಆ ಹಾಳೆಯಲ್ಲಿ ಎದ್ದು ಕಾಣುತ್ತದೆ. ಪಾಠ ಮಾಡುತ್ತಿರುವವರಿಗೆ ಅದು ಕಾಣುವುದಿಲ್ಲ.

ಮಕ್ಕಳ ಹೆಸರಿನ ಬದಲು ವಿ1, ವಿ2 ಎಂಬ ಗುರುತು ಬಳಸಿ, ಹೆಸರು–ಗುರುತಿನ ಪಟ್ಟಿ ಬೇರೆ ಕಡೆ ಇರಲಿ. ಧ್ವನಿ ಮುದ್ರಣಕ್ಕೆ ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಮಕ್ಕಳಿಗೂ ಹೇಳಿ. ಫೋಟೋ, ವಿಡಿಯೋ ಬೇಕಾದರೆ ಪೋಷಕರನ್ನು ಕೇಳಲೇಬೇಕು. ಮಗುವಿನ ತಪ್ಪು ಲೆಕ್ಕದ ಚಿತ್ರವನ್ನು ಹೆಸರು ಸಮೇತ ವಾಟ್ಸಾಪ್ ಗುಂಪಿಗೆ ಹಾಕುವುದು ಎಂದಿಗೂ ಬೇಡ.

ಫಲಿತಾಂಶ ಓದುವುದು

ಆರನೇ ವಾರ ಹೊಸ ಹಾಳೆ ಕೊಡಿ. ಅಂಕಿಗಳು ಬೇರೆ, ಬಗೆಗಳು ಅವೇ: 403 − 127ರ ಜಾಗದಲ್ಲಿ 504 − 136. ಹಳೆಯ ಹಾಳೆಯನ್ನೇ ಕೊಟ್ಟರೆ ನೆನಪಿನ ಪರೀಕ್ಷೆ ಆಗುತ್ತದೆ. ದಸರಾ ರಜೆ ಮುಗಿದು ಬಂದ ಮೊದಲ ವಾರದಲ್ಲಿ, ಪುನರಾವರ್ತನೆ ಮಾಡಿಸದೆ ಮೂರನೆಯ ಹಾಳೆ ಕೊಡಿ. ಉಳಿದ ಕಲಿಕೆ ಎಷ್ಟು ಎಂದು ಹೇಳುವುದು ಅದು.

28 ಮಕ್ಕಳಲ್ಲಿ ಮೊದಲ ಹಾಳೆಯಲ್ಲಿ ಸೊನ್ನೆಯ ಲೆಕ್ಕ ಸರಿ ಮಾಡಿದವರು 7, ದೊಡ್ಡದರಲ್ಲಿ ಚಿಕ್ಕದು ಕಳೆದವರು 11, ಸೊನ್ನೆ ಹಾರಿದವರು 6, 10ನ್ನು 9 ಮಾಡದವರು 4 ಎಂದುಕೊಳ್ಳಿ. ಎರಡನೇ ಹಾಳೆಯಲ್ಲಿ ಇದು 16, 3, 1, 8 ಆಗಿದೆ ಎನ್ನೋಣ. ಸಾಮಾನ್ಯ ವರದಿ “ಶೇ 25ರಿಂದ ಶೇ 57ಕ್ಕೆ ಏರಿಕೆ” ಎಂದು ಬರೆದು ಮುಗಿಸುತ್ತದೆ. ಆದರೆ ನಾಲ್ಕಿದ್ದದ್ದು ಎಂಟಾದ ಕೊನೆಯ ಸಂಖ್ಯೆಯೇ ಈ ಇಡೀ ಕೆಲಸದ ಬೆಲೆಬಾಳುವ ಮಾಹಿತಿ. ಆ ಎಂಟು ಮಕ್ಕಳು ಮೊದಲ ಹಾಳೆಯಲ್ಲಿ ಯಾವ ಕಟ್ಟಿನಲ್ಲಿದ್ದರು ಎಂದು ಒಬ್ಬೊಬ್ಬರದನ್ನೇ ತೆಗೆದು ನೋಡಿ. ಸೊನ್ನೆ ಹಾರುತ್ತಿದ್ದವರು ಇಲ್ಲಿಗೆ ಬಂದಿದ್ದರೆ ಅವರು ಮುಂದೆ ಬಂದಿದ್ದಾರೆ, ತಪ್ಪು ಮಾಡುತ್ತಲೇ.

ದುರ್ಬಲ ಎನಿಸಿದ ಹತ್ತು ಮಕ್ಕಳನ್ನು ಮಾತ್ರ ಆರಿಸಿಕೊಂಡು ಅಧ್ಯಯನ ಮಾಡುವ ಪದ್ಧತಿ ನಮ್ಮಲ್ಲಿ ಹೆಚ್ಚು. ಅದರಲ್ಲಿ ಒಂದು ದೋಷ ಇದೆ. ಮೊದಲ ಪರೀಕ್ಷೆಯ ದಿನ ಜ್ವರವಿದ್ದ, ನಿದ್ದೆಗೆಟ್ಟಿದ್ದ ಮಕ್ಕಳೂ ಆ ಹತ್ತರಲ್ಲಿ ಸೇರಿಕೊಂಡಿರುತ್ತಾರೆ. ಏನೂ ಮಾಡದೆ ಇದ್ದರೂ ಎರಡನೇ ಸಲ ಅವರ ಅಂಕ ಏರುತ್ತದೆ, ನಾವು ಅದನ್ನು ನಮ್ಮ ವಿಧಾನದ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ. ತರಗತಿಯ ಎಲ್ಲರಿಗೂ ಹಾಳೆ ಕೊಡಿ. ಸಾಧ್ಯವಾದರೆ ಬದಲಾವಣೆಗೆ ಮುಂಚೆಯೇ ವಾರದ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ, ಎರಡರಲ್ಲೂ ಕಂಡ ತಪ್ಪನ್ನು ಮಾತ್ರ ನಂಬಿ.

ವರದಿ ನಾಲ್ಕು ಪುಟ ಸಾಕು: ಪ್ರಶ್ನೆ, ತಪ್ಪುಗಳ ನಕ್ಷೆ, ಮಾಡಿದ ಬದಲಾವಣೆಯ ವಿವರ, ಮೂರು ಹಾಳೆಗಳ ಕೋಷ್ಟಕ, ಮತ್ತು ಕೆಲಸ ಮಾಡದೆ ಹೋದದ್ದು. ಕೊನೆಯದನ್ನು ಬಿಡಬೇಡಿ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗೆ ವರದಿ ಓದುವ ಬದಲು ಮಕ್ಕಳ ಹಾಳೆಗಳನ್ನೇ ಒಯ್ಯಿರಿ. ಹೆಸರು ಮುಚ್ಚಿದ ಐದು ಹಾಳೆಗಳನ್ನು ನಡುವೆ ಇಟ್ಟು “ಈ ಮಗು ಹೇಗೆ ಯೋಚಿಸಿದೆ” ಎಂದು ಕೇಳಿದರೆ ಪಕ್ಕದ ಶಾಲೆಯವರು ತಮ್ಮ ತರಗತಿಯ 286ಗಳನ್ನು ನೆನಪಿಸಿಕೊಂಡು ಮಾತಾಡತೊಡಗುತ್ತಾರೆ.

ಮುಂದಿನ ಸುತ್ತಿನ ಪ್ರಶ್ನೆ ಆ ಎಂಟು ಮಕ್ಕಳಿಂದಲೇ ಬರುತ್ತದೆ. ಚೀಟಿ ಹಿಡಿದಾಗ ಅವರ ಕೈಯಲ್ಲಿ ಒಂಬತ್ತು ಹತ್ತರ ನೋಟು ಸರಿಯಾಗಿಯೇ ಇರುತ್ತವೆ, ಬರೆಯುವಾಗ 10 ಹಾಗೇ ಉಳಿಯುತ್ತದೆ. ಚೀಟಿಯ ಕೆಲಸ ಪೂರ್ತಿ ಮುಗಿದ ಮೇಲೆ ಬರೆಯಲು ಹೇಳಿದ್ದರೆ ನಡುವಿನ ಹೆಜ್ಜೆ ಹಾಳೆಗೆ ಇಳಿದೇ ಇರುವುದಿಲ್ಲ. ಈ ಸಲ ಜೋಡಿ ಮಾಡಿ: ಒಬ್ಬರು ನೋಟು ಮುರಿಸಲಿ, ಇನ್ನೊಬ್ಬರು ಅದೇ ಗಳಿಗೆಯಲ್ಲಿ ಸ್ಲೇಟಿನ ಮೇಲೆ 10ಕ್ಕೆ ಗೀಟು ಹೊಡೆದು 9 ಬರೆಯಲಿ, ಬರೆಯುವವರೆಗೂ ಬ್ಯಾಂಕು ಚಿಲ್ಲರೆ ಕೊಡದಿರಲಿ. ಎರಡು ವಾರ ನೋಡಿ, ಎಂಟು ಹಾಳೆಗಳನ್ನು ಮತ್ತೆ ಹರವಿ.